ಡಬಲ್ ಟ್ಯಾಂಕ್ ಅಂತ ದುಡ್ಡು ಕೊಟ್ಟು ಬೋಟು ಕಟ್ಟಿಸುವವರು ಒಮ್ಮೆ ಇದನ್ನು ಓದಿ

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಯಾವ ಕಡೆಯವರೇ ಆಗಲಿ, ಹೊಸ ಬೋಟು ಕಟ್ಟಿಸುವವರು ದಯವಿಟ್ಟು ಓದಿ. ನಮ್ಮ ಬೋಟು ಕಟ್ಟಿದ ಯಾರ್ಡಿನವರು ಎರಡು ಡೀಸೆಲ್ ಟ್ಯಾಂಕ್ ಅಂತ ನನ್ನಿಂದ ದುಡ್ಡು ತೆಗೆದುಕೊಂಡು ಒಂದೇ ಟ್ಯಾಂಕ್ ಕೂರಿಸಿ ಕಳಿಸಿದರು. ಒಂದೇ! ಡೆಕ್ ಮೇಲೆ ಮಾತ್ರ ಎರಡು ಮುಚ್ಚಳ.

ಎರಡು ಬೇಕು ಅಂದದ್ದು ಶೋಕಿಗಲ್ಲ. ಆಳಸಮುದ್ರಕ್ಕೆ ಹೋದ ಬೋಟು ವಾರಗಟ್ಟಲೆ ಹೊರಗಿರುತ್ತದೆ. ಒಂದು ಟ್ಯಾಂಕಿಗೆ ನೀರೋ ಕಸವೋ ಸೇರಿದರೆ ವಾಲ್ವ್ ತಿರುಗಿಸಿ ಇನ್ನೊಂದರಲ್ಲಿ ದಡ ಸೇರಬಹುದು. ಬೋಟು ಒಂದು ಬದಿಗೆ ವಾಲಿದರೆ ಆ ಬದಿಯ ಡೀಸೆಲ್ ಮೊದಲು ಖಾಲಿ ಮಾಡಬಹುದು. ಇನ್ನೊಂದು ವಿಷಯ. ಅಗಲದ ಟ್ಯಾಂಕ್ ಅರ್ಧ ಖಾಲಿ ಆದಾಗ ಡೀಸೆಲ್ ಆ ಬದಿಗೂ ಈ ಬದಿಗೂ ಓಡಿ ಬೋಟನ್ನು ಇನ್ನೂ ಜಾಸ್ತಿ ವಾಲಿಸುತ್ತದೆ. ಅದೇ ಅಗಲವನ್ನು ನಡುವೆ ಪೂರ್ತಿ ಮುಚ್ಚಿ ಎರಡು ಸಮಭಾಗ ಮಾಡಿದರೆ ಈ ಕಾಟ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನೆಲ್ಲ ನನ್ನ ತಲೆಗೆ ತುಂಬಿದ್ದೇ ಆ ಯಾರ್ಡಿನವರು! ಪೈಪು, ವಾಲ್ವ್, ವೆಲ್ಡಿಂಗ್ ಎಲ್ಲ ಜಾಸ್ತಿ ಆಗುತ್ತೆ, ಹಾಗಾಗಿ ರೇಟೂ ಜಾಸ್ತಿ ಅಂದರು. ಸರಿ ಅಂದೆ. ಕೊಟೇಶನ್‌ನಲ್ಲಿ ‘ಡೀಸೆಲ್ ಟ್ಯಾಂಕ್ 2’ ಅಂತಲೇ ಇದೆ, ಇಟ್ಟುಕೊಂಡಿದ್ದೇನೆ.

ಕಾರವಾರದ ಆಚೆ, ರಾತ್ರಿ ಹೊತ್ತು, ಎಂಜಿನ್ ನಿಂತಿತು. ಬೋಟು ನಡೆಸುವ ತಂಡೇಲ ನಮ್ಮ ಭಾವನೇ. ಫಿಲ್ಟರ್ ಬಿಚ್ಚಿ ನೋಡಿದರೆ ಬರೀ ನೀರು. ಸರಿ, ಅದಕ್ಕೇ ಅಲ್ವಾ ಎರಡು ಟ್ಯಾಂಕ್ ಇರುವುದು? ಫಿಲ್ಟರ್ ಬದಲಾಯಿಸಿ, ವಾಲ್ವ್ ಬಲಕ್ಕೆ ತಿರುಗಿಸಿ, ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತು ಓಡಿ ಮತ್ತೆ ನಿಂತಿತು. ಮತ್ತೆ ನೀರು! ಬೇರೆ ಬೋಟಿನವರು ತಮ್ಮ ಬಲೆ ಮೇಲೆತ್ತಿಕೊಂಡು ಬಂದು, ಹಗ್ಗ ಕಟ್ಟಿ ಎಳೆದು ತಂದರು. ಬೋಟು ನಿಲ್ಲುವ ದಕ್ಕೆಗೆ ಬಂದು ಇಳಿದವರೇ ಭಾವ ಕೇಳಿದ್ದು, “ಎರಡೂ ಟ್ಯಾಂಕಿಗೆ ಒಟ್ಟಿಗೇ ನೀರು ಹೋಗೋದು ಹೇಗೆ ಮಾರಾಯ?”

ಯಾರ್ಡಿಗೆ ಫೋನ್ ಮಾಡಿದೆ. “ಬಂಕಿನವರನ್ನು ಕೇಳಿ” ಅಂದರು.

ಟ್ಯಾಂಕ್ ತೊಳೆಯಲು ಎಡಗಡೆಯ ಡೀಸೆಲ್ ತೆಗೆಯುತ್ತಾ ಬಂದೆವು. ಬಲಗಡೆ ಕೋಲು ಇಳಿಸಿ ನೋಡಿದರೆ ಅಲ್ಲೂ ಇಳಿಯುತ್ತಿದೆ. ಪೂರ್ತಿ ಖಾಲಿ ಮಾಡಿ, ಮ್ಯಾನ್‌ಹೋಲ್ ತೆಗೆದು, ಗಾಳಿಯಾಡಲು ಬಿಟ್ಟು ಟಾರ್ಚ್ ಹಾಕಿದೆವು. ನಡುವೆ ಒಂದು ಪ್ಲೇಟ್ ಇದೆ, ನಿಜ. ತಳದ ಎರಡೂ ಮೂಲೆ ಗ್ಯಾಸಿನಲ್ಲಿ ಕತ್ತರಿಸಿದ್ದಾರೆ. ಮಧ್ಯದಲ್ಲಿ ಎರಡು ದೊಡ್ಡ ತೂತು, ಅಂಚನ್ನು ಉಜ್ಜಿ ನಯ ಮಾಡುವ ಪುರುಸೊತ್ತೂ ಇರಲಿಲ್ಲ ಅವರಿಗೆ. ವೆಲ್ಡಿಂಗ್ ಹುಡುಗ ಎಡಗಡೆಯಿಂದ ಕೈ ಹಾಕಿದ, ಮೊಣಕೈವರೆಗೂ ಬಲಗಡೆ ಹೋಯ್ತು. “ಇದು ಬ್ಯಾಫಲ್ ಪ್ಲೇಟ್ ಅಲ್ವಾ ಅಣ್ಣ? ಡೀಸೆಲ್ ಕುಲುಕದ ಹಾಗೆ ಎಲ್ಲ ಟ್ಯಾಂಕಿಗೂ ಹಾಕ್ತಾರಲ್ಲ. ಇದಕ್ಕೆ ಎರಡು ಟ್ಯಾಂಕಿನ ದುಡ್ಡು ಕೊಟ್ರಾ?” ಅಂದ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ನಮ್ಮದು ಡಬಲ್ ಟ್ಯಾಂಕ್ ಅಂತ ಅದೇ ದಕ್ಕೆಯಲ್ಲಿ ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೆನೋ!

ಎಡಗಡೆ ಮುಚ್ಚಳದ ವಾಷರ್ ಸರಿಯಾಗಿ ಕೂತಿರಲಿಲ್ಲ, ಡೆಕ್ ಮೇಲೆ ಹೊಡೆದ ನೀರು ಅಲ್ಲಿಂದ ಇಳಿದಿದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೇ ಹೋಗುತ್ತದೆ. ಇವರು ದಾರಿ ಬಿಟ್ಟಿರುವುದೂ ತಳದಲ್ಲೇ. ಮತ್ತೆ ಆ ಕೆಂಪು ಹಿಡಿಯ ವಾಲ್ವ್, ಅದಕ್ಕೆ ಎಡ ಬಲ ಅಂತ ಪೇಂಟಿನಲ್ಲಿ ಬರೆದದ್ದು ಯಾಕೆ? ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿ ಎರಡು ಎಳನೀರಿನ ದುಡ್ಡು ಕೇಳಿದ ಹಾಗೆ!

ಫೋಟೋ ಕಳಿಸಿದೆ. ಉತ್ತರ ಕೇಳಿ: “ಮಧ್ಯೆ ಪ್ಲೇಟ್ ಇದೆಯಲ್ಲ, ಎರಡು ಭಾಗ ಆಯ್ತಲ್ಲ, ಮತ್ತೇನು?” ತೂತು ಯಾಕೆ ಅಂದೆ. “ತೂತು ಇಲ್ಲದಿದ್ರೆ ಬೋಟು ಒಂದು ಕಡೆ ವಾಲುತ್ತೆ ಮಾರಾಯ್ರೆ, ನಿಮ್ಮ ಸೇಫ್ಟಿಗೇ ಮಾಡಿದ್ದು.” ಸೇಫ್ಟಿಗಂತೆ! ಕೊನೆಗೆ, “ಎಲ್ಲರಿಗೂ ಹೀಗೇ ಮಾಡಿ ಕೊಡೋದು, ಇಷ್ಟರವರೆಗೆ ಯಾರೂ ಕಂಪ್ಲೇಂಟ್ ಹೇಳಿಲ್ಲ.” ಟ್ಯಾಂಕಿನ ಒಳಗೆ ತಲೆ ಹಾಕಿ ನೋಡುವವರು ಯಾರಿದ್ದಾರೆ ಸ್ವಾಮಿ, ಕಂಪ್ಲೇಂಟ್ ಹೇಳಲು?

ಈಗ ಬೋಟು ತಂದು ನಿಲ್ಲಿಸಿದರೆ ತೂತು ಮುಚ್ಚಿ ಕೊಡುತ್ತಾರಂತೆ, ವೆಲ್ಡಿಂಗ್ ಚಾರ್ಜ್ ನಾನು ಕೊಡಬೇಕಂತೆ. ಬರೀ ತೂತು ಮುಚ್ಚಿದರೆ ಆಗುವುದೂ ಇಲ್ಲ. ಎಂಜಿನ್‌ನಿಂದ ಉಳಿದ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪ್ ಎಡಗಡೆಗೆ ಮಾತ್ರ ಇದೆ. ಬಲದಿಂದ ಎಳೆದು ಎಡಕ್ಕೇ ಬಿಡುತ್ತಾ ಹೋದರೆ ಎಡಗಡೆ ತುಂಬಿ, ಟ್ಯಾಂಕಿನ ಗಾಳಿ ಹೋಗುವ ಏರ್ ಪೈಪಿನಲ್ಲಿ ಡೀಸೆಲ್ ಹೊರಗೆ ಚೆಲ್ಲುತ್ತದೆ. ಬೋಟು ಕೊಡುವಾಗಲೇ ರಿಟರ್ನ್‌ಗೆ ವಾಲ್ವ್ ಇಲ್ವಾ ಅಂತ ಕೇಳಿದ್ದೆ. “ಅದೆಲ್ಲ ಸುಮ್ನೆ ತಲೆಬಿಸಿ, ಬೇಡ” ಅಂದಿದ್ದರು. ಯಾಕೆ ಬೇಡ ಅಂತ ಈಗ ಗೊತ್ತಾಯ್ತು.

ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿಗೆ ಒಂದೇ ಟ್ಯಾಂಕ್ ಸಾಕು. ಒಳಗೆ ಬ್ಯಾಫಲ್, ತಳದಲ್ಲಿ ನೀರು ತೆಗೆಯಲು ಡ್ರೈನ್, ಒಂದು ಒಳ್ಳೆಯ ಫಿಲ್ಟರ್ ಇರಲಿ. ಜಾಯಿಂಟ್ ಕಡಿಮೆ, ಲೀಕೂ ಕಡಿಮೆ. ಎರಡು ಬೇಕೇ ಬೇಕು ಅನ್ನುವವರು ಡೆಕ್ ಮುಚ್ಚುವ ಮೊದಲು ನೀವೇ ಹೋಗಿ ಒಳಗೆ ನೋಡಿ. ಏರ್ ಪೈಪ್ ಎರಡಿರಬೇಕು, ರಿಟರ್ನ್ ಎರಡೂ ಕಡೆ ಹೋಗಬೇಕು. ಒಂದು ಬದಿಗೆ ಮಾತ್ರ ಡೀಸೆಲ್ ಹಾಕಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬದಿಗೆ ಕೋಲು ಇಳಿಸಿ. ಕೋಲು ಒದ್ದೆಯಾದರೆ ಬಾಕಿ ದುಡ್ಡು ಕೊಡಲೇಬೇಡಿ. ಯಾರು ಏನೇ ಹೇಳಲಿ, ಕೊಡಬೇಡಿ.

ನಮ್ಮದನ್ನು ಇನ್ನು ಜೂನ್ 1ಕ್ಕೆ ಮೀನುಗಾರಿಕೆ ರಜೆ ಶುರುವಾದ ಮೇಲೆಯೇ ಡೆಕ್ ಕತ್ತರಿಸಿ ಸರಿ ಮಾಡಿಸಬೇಕು, ಬೇರೆ ಕಡೆ. ಈ ಯಾರ್ಡಿನವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಮುಂದಿನ ಬೋಟು ಅವರಲ್ಲೇ ಮಾಡಿಸಿದರೆ ಡಿಸ್ಕೌಂಟ್ ಕೊಡುತ್ತಾರಂತೆ!