ಇಂಪ್ಯಾಕ್ಟ್ ಡ್ರಿಲ್ ಜೊತೆ ನಾಲ್ಕು ವರ್ಷ: ಕರ್ಟನ್ ರಾಡಿಗೆ ಅಂತ ಕೊಳ್ಳುವವರು ಮೊದಲು ಇದನ್ನು ಓದಿ

2021ರ ದಸರಾ ಆಫರಿನಲ್ಲಿ ಈ ಮಷಿನ್ ತಗೊಂಡೆ. ಕಿಟ್ ಸಮೇತ 3,150 ರೂಪಾಯಿ. ವ್ಯಾಟ್ ಎಷ್ಟು, ಆರ್‌ಪಿಎಂ ಎಷ್ಟು ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ. 13 ಎಂಎಂ ದಪ್ಪದವರೆಗಿನ ಬಿಟ್ (ತೂತು ಕೊರೆಯುವ ಮೊನೆ) ಹಿಡಿಯುವ ಈ ಬೆಲೆಯ ಮಷಿನ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಹಾಗಾಗಿ ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಾದ್ದು ಡಬ್ಬದ ಮೇಲಿದ್ದ ನಾಲ್ಕು ಚಿತ್ರಗಳ ಬಗ್ಗೆ: ಮರ, ಕಬ್ಬಿಣ, ಇಟ್ಟಿಗೆ, ಕಾಂಕ್ರೀಟ್. ಮೊದಲ ಮೂರೂ ನಿಜ. ನಾಲ್ಕನೆಯದನ್ನು ನಂಬಿದ್ದಕ್ಕೆ ಮೊದಲನೇ ಭಾನುವಾರವೇ ಮೂರು ಬಿಟ್ ಹಾಳಾದವು, ಬಲಗೈ ಮಣಿಕಟ್ಟು ವಾರವಿಡೀ ನೋಯಿತು.

ಕೆಲಸ ಏನು ದೊಡ್ಡದಲ್ಲ. ಹಾಲಿನ ಎರಡು ಕಿಟಕಿಗೆ ಕರ್ಟನ್ ರಾಡ್. ಕಿಟಕಿ ಚೌಕಟ್ಟಿನಿಂದ ನಾಲ್ಕು ಇಂಚು ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ತಿರುಗುತ್ತಲೇ ಬಡಿಯುವ ಹ್ಯಾಮರ್ ಮೋಡಿಗೆ ಹಾಕಿ ಒತ್ತಿದೆ. ಪುಟ್ಟಿ ಹೋಯಿತು, ಗಾರೆ ಹೋಯಿತು, ಅಲ್ಲಿಗೆ ನಿಂತಿತು. ಮಷಿನ್ ಕಿರುಚುತ್ತದೆ, ಗೋಡೆ ಅಲ್ಲಾಡುವುದಿಲ್ಲ. ಹತ್ತು ನಿಮಿಷ ಮೈಭಾರವನ್ನೆಲ್ಲ ಹಾಕಿ ಒತ್ತಿದ ಮೇಲೆ ಬಿಟ್ ತೆಗೆದು ನೋಡಿದರೆ ತುದಿ ನೀಲಿಗೆ ತಿರುಗಿತ್ತು. ತುದಿಯಲ್ಲಿ ಬೆಸುಗೆ ಹಾಕಿದ್ದ ಕಾರ್ಬೈಡ್ ಚೂರು ಓರೆಯಾಗಿ ಜರುಗಿತ್ತು. ತೂತಿನ ಆಳ ಬೆರಳಿನ ಉಗುರಿನಷ್ಟು.

ಆ ಬಿಟ್ಟನ್ನು ಕವರಿನಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗೆ ಹೋದೆ. ಅಂಗಡಿಯವರು ಬಿಟ್ ನೋಡಿದ ಕೂಡಲೇ ಕೇಳಿದರು, "ಕಿಟಕಿ ಮೇಲೆ ಹಾಕಿದ್ರಾ ಮೇಡಂ?"

"ಹೌದು."

"ಅದು ಲಿಂಟಲ್. ಅಲ್ಲಿಗೆ ಈ ಮಷಿನ್ ಆಗಲ್ಲ. ರೋಟರಿ ಹ್ಯಾಮರ್ ಬೇಕು."

"ಇದರಲ್ಲೂ ಹ್ಯಾಮರ್ ಇದೆಯಲ್ಲ ಅಣ್ಣ, ಡಬ್ಬದ ಮೇಲೇ ಹಾಕಿದಾರೆ?"

ಅವರು ಗಲ್ಲಾ ಪಕ್ಕದ ಗುಜರಿ ಡಬ್ಬಿಯಲ್ಲಿ ಕೈಯಾಡಿಸಿ ಎರಡು ಹಲ್ಲಿನ ಬಿಲ್ಲೆ ತೆಗೆದು ಒಂದರ ಮೇಲೊಂದು ಇಟ್ಟು ತಿರುಗಿಸಿ ತೋರಿಸಿದರು. ಕಟಕಟಕಟ ಅಂತು. ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಇರುವುದು ಅಷ್ಟೇ. ಹಲ್ಲಿನ ಮೇಲೆ ಹಲ್ಲು ಹತ್ತಿ ಇಳಿಯುವಾಗ ಬಿಟ್ಟಿಗೆ ಸಣ್ಣ ನಡುಕ ಸಿಗುತ್ತದೆ. ನಿಮಿಷಕ್ಕೆ ಹತ್ತಾರು ಸಾವಿರ ಪೆಟ್ಟು ಅಂತ ಬರೆದಿರುತ್ತಾರೆ, ಆದರೆ ಒಂದೊಂದು ಪೆಟ್ಟಿನಲ್ಲೂ ದಮ್ಮಿಲ್ಲ. ಪೆಟ್ಟಿಗೆ ಬಲ ಬರಬೇಕಾದರೆ ನಾವೇ ಒತ್ತಬೇಕು. ರೋಟರಿ ಹ್ಯಾಮರಿನ ಒಳಗೆ ಪಿಸ್ಟನ್ ಇರುತ್ತದೆ, ಗಾಳಿಯನ್ನು ಅದುಮಿ ಆ ಒತ್ತಡದಿಂದ ಬಿಟ್ಟಿನ ಹಿಂಭಾಗಕ್ಕೆ ಬಡಿಯುತ್ತದೆ. ಪೆಟ್ಟುಗಳ ಲೆಕ್ಕ ತೀರ ಕಡಿಮೆ, ಆದರೆ ಒಂದೊಂದೂ ಸುತ್ತಿಗೆ ಏಟೇ. ಕೈಯಲ್ಲಿ ಸುಮ್ಮನೆ ಹಿಡಿದುಕೊಂಡರೆ ಸಾಕು.

ನನಗೆ ಸಿಟ್ಟು ಬಂದದ್ದು ಇಲ್ಲೇ. ಮನೆಯಲ್ಲಿ ಡ್ರಿಲ್ ಇಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೇ ಕರ್ಟನ್ ರಾಡ್. ಕಿಟಕಿ ಮೇಲಿನ ಭಾರ ಹೊರಲು ಅಂತ ಹಾಕುವ ಲಿಂಟಲ್ ನಮ್ಮ ಕಡೆ ಸಾಮಾನ್ಯವಾಗಿ ಆರು ಇಂಚು ದಪ್ಪದ ಕಾಂಕ್ರೀಟ್ ತೊಲೆ, ಒಳಗೆ ಕಂಬಿ. ಕಿಟಕಿಯ ಎರಡೂ ಪಕ್ಕಕ್ಕೆ ಅದು ಚಾಚಿಕೊಂಡಿರುತ್ತದೆ. ಎಷ್ಟೋ ಮನೆಗಳಲ್ಲಿ ಸುತ್ತ ಗೋಡೆಯುದ್ದಕ್ಕೂ ಪಟ್ಟಿಯ ಹಾಗೆ ಹಾಕಿರುತ್ತಾರೆ. ರಾಡಿನ ಕ್ಲಾಂಪು ಕೂರುವ ಜಾಗ ಸರಿಯಾಗಿ ಅದರ ಮೇಲೇ. ಸಾಲದ್ದಕ್ಕೆ ಬೆಂಗಳೂರಿನ ಕಾಂಕ್ರೀಟಿಗೆ ಹಾಕುವ ಜಲ್ಲಿ ಸುತ್ತಮುತ್ತಲ ಕ್ವಾರಿಯ ಗ್ರಾನೈಟ್ ಜಾತಿಯ ಕಲ್ಲು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದಲ್ಲವೇ, ಅದೇ ಕುಲದ್ದು. ಬಿಟ್ಟಿನ ತುದಿ ಅಂಥ ಒಂದು ಜಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟರೆ ಅಲ್ಲೇ ಸುತ್ತುತ್ತಿರುತ್ತದೆ, ಒಳಗೆ ಇಳಿಯುವುದಿಲ್ಲ. ಅಪ್ಪ ಈ ಮನೆ ಕಟ್ಟಿಸಿದ್ದು 1987ರಲ್ಲಿ. ಸಿಮೆಂಟು ಎಷ್ಟೋ ವರ್ಷ ನಿಧಾನವಾಗಿ ಗಟ್ಟಿಯಾಗುತ್ತಲೇ ಹೋಗುತ್ತದೆ.

ನಮ್ಮ ಕಡೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ 400 ರೂಪಾಯಿಗೆ ಒಂದು ದಿನದ ಮಟ್ಟಿಗೆ ರೋಟರಿ ಹ್ಯಾಮರ್ ತಂದೆ. ಎಂಟು ತೂತು, ಅರ್ಧ ಗಂಟೆಯೊಳಗೆ ಮುಗಿಯಿತು. ನನ್ನ ಹೊಸ ಮಷಿನ್ನನ್ನು ಅಟ್ಟಕ್ಕೆ ಹಾಕಿದೆ. ಆಗ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ.

ಐದು ತಿಂಗಳಾದ ಮೇಲೆ ಅಟ್ಟದಿಂದ ಇಳಿಸಿದ್ದು ಅಮ್ಮನ ಕಾರಣಕ್ಕೆ. ಯುಗಾದಿಗೆ ಮುಂಚೆ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳಿಗೆ ಒಂದು ಹಲಗೆ ಬೇಕಿತ್ತು. ಎಲೆಕ್ಟ್ರಿಷಿಯನ್ ನಾಲ್ಕು ತೂತಿಗೆ ಬರಲು ಒಪ್ಪಲಿಲ್ಲ, ಒಪ್ಪಿದವರು 500 ಕೇಳಿದರು. ಅದು ಕೆಳಮನೆಯ ಇಟ್ಟಿಗೆ ಗೋಡೆ. 8 ಎಂಎಂ ಬಿಟ್ ಹಾಕಿ ಒತ್ತಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ನನಗೇ ನಂಬಿಕೆ ಬರಲಿಲ್ಲ. ಅದೇ ಮಷಿನ್, ಅದೇ ಕೈ. ಒಂದೂವರೆ ಇಂಚು ಆಳಕ್ಕೆ ಕಾಲು ನಿಮಿಷ ಹಿಡಿಯಲಿಲ್ಲ.

ಅಂದಿನಿಂದ ಇದು ನಮ್ಮ ಭಾನುವಾರದ ಕೆಲಸ. ಶನಿವಾರ ರಾತ್ರಿಯೇ ಇಂಚು ಟೇಪು, ರಸಮಟ್ಟ ಇಟ್ಟು ಗುರುತು ಮಾಡಿಕೊಳ್ಳುತ್ತೇನೆ. ತಿಂಡಿ ಆದ ಮೇಲೆ ಹತ್ತು ಗಂಟೆಯಿಂದ ಒಂದರವರೆಗೆ ನನ್ನ ಸಮಯ. ಊಟದ ಮೇಲೆ ಪಕ್ಕದ ಮನೆ ಅಜ್ಜಿ ಮಲಗುತ್ತಾರೆ, ನಾಲ್ಕೂವರೆಗೆ ರಾಹುಕಾಲ ಹತ್ತುತ್ತದೆ, ಆಗ ಗೋಡೆಗೆ ತೂತು ಹಾಕುವುದನ್ನು ಅಮ್ಮ ಒಪ್ಪುವುದಿಲ್ಲ. ಗುರುತಿನ ಮೇಲೆ ಮೊಳೆ ಇಟ್ಟು ಒಂದು ಸಣ್ಣ ಏಟು ಹಾಕಿ ಗುಳಿ ಮಾಡುತ್ತೇನೆ, ಇಲ್ಲದಿದ್ದರೆ ಬಿಟ್ ಜಾರಿ ಗೆರೆ ಎಳೆಯುತ್ತದೆ. ಅದರ ಕೆಳಗೆ ಹಳೆಯ ಮದುವೆ ಕಾಗದದ ಕವರನ್ನು ಬಾಯಿ ತೆರೆದು ಟೇಪಿನಲ್ಲಿ ಅಂಟಿಸುತ್ತೇನೆ. ಧೂಳೆಲ್ಲ ನೇರ ಅದರೊಳಗೆ ಬೀಳುತ್ತದೆ. ದಪ್ಪ ಕಾಗದ, ಅಗಲ ಬಾಯಿ, ಇದಕ್ಕಿಂತ ಒಳ್ಳೆಯ ಸಾಧನ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಕೊರೊನಾ ಕಾಲದಲ್ಲಿ ತಂದಿಟ್ಟ ಎನ್95 ಮಾಸ್ಕ್ ಹಾಕಿಕೊಳ್ಳುತ್ತೇನೆ. ಇದನ್ನು ದಯವಿಟ್ಟು ಬಿಡಬೇಡಿ. ಇಟ್ಟಿಗೆ, ಸಿಮೆಂಟು, ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಕಲ್ಲು ಒಡೆಯುವವರನ್ನು ಕಾಡುವ ಸಿಲಿಕೋಸಿಸ್ ಬರುವುದು ಅದರಿಂದಲೇ. ಕಣ್ಣಿಗೆ ಬರಿಯ ಕನ್ನಡಕ ಸಾಲದು, ಪಕ್ಕ ಮುಚ್ಚುವ ಗಾಗಲ್ಸ್ ಬೇಕು.

ಆ ಕವರಿನೊಳಗಿನ ಧೂಳು ನೋಡುವುದು ಅಮ್ಮನಿಗೂ ನನಗೂ ಅಭ್ಯಾಸವಾಗಿಬಿಟ್ಟಿದೆ. ಮೊದಲು ಬಿಳಿ, ಅದು ಪುಟ್ಟಿ. ಆಮೇಲೆ ಬೂದಿ ಬಣ್ಣ, ಅದು ಗಾರೆ. ಕೆಳಮನೆಯಾದರೆ ಆಮೇಲೆ ಕೆಂಪು, ಕುಂಕುಮಕ್ಕಿಂತ ಸ್ವಲ್ಪ ಮಾಸಿದ ಕೆಂಪು. 2006ರಲ್ಲಿ ಕಟ್ಟಿದ ಮೇಲ್ಮನೆಯಾದರೆ ಬೂದಿಯ ಹಿಂದೆಯೂ ಬೂದಿಯೇ, ಸಾಲಿಡ್ ಬ್ಲಾಕು. ಕೆಂಪು ಕಂಡಿತು ಅಂದರೆ ನಿಶ್ಚಿಂತೆ. ಎರಡು ಸೆಂಟಿಮೀಟರ್ ದಾಟಿದರೂ ಕೆಂಪು ಬರಲಿಲ್ಲ, ಬಿಟ್ ಬಿಸಿಯಾಗುತ್ತಿದೆ ಅಂದರೆ ನಿಲ್ಲಿಸಿ, ಅದು ಪಿಲ್ಲರೋ ಲಿಂಟಲ್ಲೋ ಇರಬೇಕು. ಬೂದಿ ಪುಡಿಯ ಜೊತೆ ಹೊಳೆಯುವ ಚೂರು ಬಂದರೆ ಬಿಟ್ ಕಂಬಿಗೆ ತಾಗಿದೆ. ಮುಂದುವರಿಸಲೇಬೇಡಿ, ಎರಡು ಇಂಚು ಪಕ್ಕಕ್ಕೆ ಹೋಗಿ.

ಎರಡನೇ ವರ್ಷ ಒಳಗಿನ ರೂಮಿನಲ್ಲಿ ಪುಸ್ತಕದ ಹಲಗೆಗೆ ತೂತು ಹಾಕುವಾಗ ಅಂಚು ಸ್ವಲ್ಪ ಎದ್ದುಬಂತು, ನಾಲ್ಕಾಣೆ ಅಗಲ. ಬೇಸರದಿಂದ ಹತ್ತಿರ ಹೋಗಿ ನೋಡಿದೆ. ಈಗಿನ ಕೆನೆ ಬಣ್ಣದ ಕೆಳಗೆ ನೀಲಿ, ಅದರ ಕೆಳಗೆ ಪಿಸ್ತಾ ಹಸಿರು, ಅದರ ಕೆಳಗೆ ಬರಿಯ ಸುಣ್ಣ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಉಗುರಿನಿಂದ ಹಸಿರನ್ನು ಮುಟ್ಟಿ, "ಇದು ನಿನ್ನ ತಂಗಿ ಹುಟ್ಟಿದ ವರ್ಷ ಹೊಡೆಸಿದ್ದು ಕಣೆ. ನಿಮ್ಮಪ್ಪ ನೀನೂ ಒಂದು ಬ್ರಶ್ ಹಿಡಿ ಅಂತ ಕೊಟ್ಟಿದ್ರು, ಫ್ರಾಕೆಲ್ಲ ಹಸಿರು ಮಾಡ್ಕೊಂಡಿದ್ದೆ" ಅಂದರು. ನನಗೆ ಅದು ನೆನಪೇ ಇರಲಿಲ್ಲ. ಆ ಅಂಚಿಗೆ ನಾನು ಪುಟ್ಟಿ ಹಚ್ಚಲಿಲ್ಲ. ಹಲಗೆಯ ಮರೆಯಲ್ಲಿ ಹಾಗೇ ಇದೆ.

ಹೋದ ವರ್ಷ ಹಾಲಿನಲ್ಲಿ ಇನ್ನೊಂದು ಆಯಿತು. ಗಾರೆ ದಾಟಿದ ಕೂಡಲೇ ಮಷಿನ್ ಸದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಕವರಿನಲ್ಲಿ ಕೆಂಪು ಪುಡಿಯ ಬದಲು ಕಂದು ಬಣ್ಣದ ಸುರುಳಿ ಸುರುಳಿ ಹೊಟ್ಟು, ತೇಗದ ವಾಸನೆ. ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ರಾವಲ್ ಪ್ಲಗ್ಗು ಎಲ್ಲೆಲ್ಲೂ ಸಿಗದ ಕಾಲದಲ್ಲಿ ಎಲೆಕ್ಟ್ರಿಷಿಯನ್‌ಗಳು ಗೋಡೆಯನ್ನು ಉಳಿಯಿಂದ ಕೆತ್ತಿ ಮರದ ಬೆಣೆ ಕೂರಿಸಿ, ಸುತ್ತ ಸಿಮೆಂಟು ಮೆತ್ತಿ, ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. ನಮ್ಮ ಹಳೆಯ ವೈರಿಂಗ್ ಪಟ್ಟಿ ಹೋಗಿದ್ದದ್ದು ಅದೇ ದಾರಿಯಲ್ಲಿ. ವೈರಿಂಗ್ ಬದಲಾಗಿ ಎಷ್ಟೋ ಕಾಲವಾದರೂ ಬೆಣೆ ಗೋಡೆಯೊಳಗೆ ಗಟ್ಟಿಯಾಗಿ ಕೂತಿತ್ತು. ಹ್ಯಾಮರ್ ಮೋಡ್ ಆಫ್ ಮಾಡಿ, ಮರದ ಬಿಟ್ಟಿನಲ್ಲಿ ಸಣ್ಣ ತೂತು ಕೊರೆದು, ನೇರ ಅದಕ್ಕೇ ಸ್ಕ್ರೂ ಹಾಕಿದೆ. ಪ್ಲಗ್ ಬೇಕಾಗಲಿಲ್ಲ. ಈಗ ಅಪ್ಪನ ಫೋಟೋ ತೂಗುತ್ತಿರುವುದು ಆ ಸ್ಕ್ರೂವಿನ ಮೇಲೆ.

ಬಾತ್‌ರೂಮ್ ಟೈಲ್ಸ್ ಬಗ್ಗೆ ಕೇಳುವವರಿಗೆ: ಹ್ಯಾಮರ್ ಆಫ್, ಟೈಲ್ಸ್ ಬಿಟ್, ನಿಧಾನ ವೇಗ, ಆಗಾಗ ನೀರು. ಟೈಲ್ಸ್ ದಾಟಿದ ಮೇಲೆ ಮಾತ್ರ ಹ್ಯಾಮರ್. ಇಲ್ಲಿಯವರೆಗೆ ಒಂದೂ ಒಡೆದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಎಲ್ಲೂ ತೂತು ಹಾಕಬೇಡಿ, ವೈರಿನ ಪೈಪ್ ಹೋಗುವುದೇ ಆ ದಾರಿಯಲ್ಲಿ.

ಮಷಿನ್ನಿನ ಸಣ್ಣಪುಟ್ಟ ಕೊರತೆಗಳೂ ಇವೆ. ಆಳ ಅಳೆಯಲು ಕೊಟ್ಟ ಕಡ್ಡಿ ನಡುಕಕ್ಕೆ ಹಿಂದೆ ಜರುಗುತ್ತದೆ, ನಾನು ಬಿಟ್ಟಿಗೇ ಒಂದು ಸುತ್ತು ಮಾಸ್ಕಿಂಗ್ ಟೇಪು ಸುತ್ತುತ್ತೇನೆ. ವೈರ್ ಎರಡು ಮೀಟರ್ ಮಾತ್ರ, ಸ್ಟೂಲ್ ಹತ್ತಿದರೆ ಸಾಲುವುದಿಲ್ಲ. ಕಿಟ್ಟಿನ ಜೊತೆ ಕೊಟ್ಟ ಬಿಟ್ಟುಗಳನ್ನು ಲೆಕ್ಕಕ್ಕೇ ಇಡಬೇಡಿ, 6 ಮತ್ತು 8 ಎಂಎಂ ಒಳ್ಳೆಯದು ಎರಡೆರಡು ಬೇರೆಯಾಗಿ ತಗೊಳ್ಳಿ. ಬಿಟ್ ಬಿಗಿಮಾಡುವ ಚಕ್ ಕೀಯನ್ನು ಕರೆಂಟಿನ ಪ್ಲಗ್ಗಿನ ಹತ್ತಿರ ವೈರಿಗೇ ಕಟ್ಟಿಟ್ಟಿದ್ದೇನೆ. ಬಿಟ್ ಬದಲಿಸಬೇಕಾದರೆ ಮೊದಲು ಪ್ಲಗ್ ಕೀಳಲೇಬೇಕಾಗುತ್ತದೆ, ಕೈಗೂ ಕ್ಷೇಮ.

ಈ ಮೇ ತಿಂಗಳಲ್ಲಿ ಮಷಿನ್ ಹಿಂಭಾಗದ ಕಿಂಡಿಯಲ್ಲಿ ಕಿಡಿ ಜಾಸ್ತಿ ಕಾಣಿಸಿ, ನಡುನಡುವೆ ನಿಲ್ಲತೊಡಗಿತು. ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡದೆಯೇ ಮೋಟರ್ ಹೋಗಿದೆ, 1,400 ಆಗುತ್ತೆ, ಹೊಸದೇ ತಗೊಳ್ಳಿ ಅಂದರು. ಆ ಮಾತು ನನಗೆ ಈಗಲೂ ಸರಿ ಅನಿಸಿಲ್ಲ. ಎಸ್‌ಪಿ ರೋಡಿನ ಅದೇ ಅಂಗಡಿಯಲ್ಲಿ 60 ರೂಪಾಯಿಗೆ ಒಂದು ಜೊತೆ ಕಾರ್ಬನ್ ಬ್ರಶ್ (ತಿರುಗುವ ಮೋಟರಿಗೆ ಕರೆಂಟು ಮುಟ್ಟಿಸುವ ಚೂರುಗಳು) ಸಿಕ್ಕಿತು. ಮನೆಗೆ ಬಂದು ಸ್ಕ್ರೂ ಬಿಚ್ಚಿ ನೋಡಿದರೆ ಹಳೆಯವು ಸವೆದು ಹುಣಸೆ ಬೀಜಕ್ಕಿಂತ ಚಿಕ್ಕದಾಗಿದ್ದವು. ಒಳಗಿನ ಧೂಳನ್ನು ಪೇಂಟ್ ಬ್ರಶ್ಶಿನಲ್ಲಿ ಗುಡಿಸಿ, ಹೊಸವನ್ನು ಸ್ಪ್ರಿಂಗಿನ ಕೆಳಗೆ ಕೂರಿಸಿ, ಎರಡು ನಿಮಿಷ ಸುಮ್ಮನೆ ಓಡಿಸಿದೆ. ಮೊದಲ ದಿನದ ಹಾಗೆ ಓಡುತ್ತಿದೆ.

ನಿಮ್ಮದು ಇಟ್ಟಿಗೆ ಅಥವಾ ಬ್ಲಾಕಿನ ಮನೆಯಾದರೆ, ಕಪಾಟು, ಹಲಗೆ, ಫೋಟೋ, ಮರದ ಕೆಲಸ ಇದ್ದರೆ, ಮೂರು ಸಾವಿರದ ಬಜೆಟ್ಟಿಗೆ ಧಾರಾಳವಾಗಿ ತಗೊಳ್ಳಿ. ಕರ್ಟನ್ ರಾಡ್ ಹಾಕಬೇಕಾದರೆ ಚೌಕಟ್ಟಿನಿಂದ ಎಂಟೊಂಬತ್ತು ಇಂಚು ಮೇಲೆ ಹೋಗಿ, ಲಿಂಟಲ್ ದಾಟಿದರೆ ಮತ್ತೆ ಇಟ್ಟಿಗೆ ಸಿಗುತ್ತದೆ, ಪರದೆ ಉದ್ದವಿದ್ದರೆ ರೂಮೂ ಎತ್ತರ ಕಾಣುತ್ತದೆ. ಹಗುರದ ಬಿಳಿ ಎಎಸಿ ಬ್ಲಾಕಾದರೆ ಹ್ಯಾಮರ್ ಹಾಕಲೇಬೇಡಿ, ತೂತು ದೊಡ್ಡದಾಗಿ ಪ್ಲಗ್ ನಿಲ್ಲುವುದಿಲ್ಲ. ಹೊಸ ಅಪಾರ್ಟ್‌ಮೆಂಟಿನವರು ಮಾತ್ರ ಮೊದಲು ವಿಚಾರಿಸಿ: ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿಯುವ ಮೈವಾನ್ ಪದ್ಧತಿಯಲ್ಲಿ ಕಟ್ಟಿದ್ದರೆ ಗೋಡೆಗೋಡೆಯೂ ಕಾಂಕ್ರೀಟೇ, ಅಲ್ಲಿ ಇಟ್ಟಿಗೆ ಹುಡುಕಿದರೂ ಸಿಗುವುದಿಲ್ಲ. ಅಂಥವರು ಇನ್ನೊಂದೆರಡು ಸಾವಿರ ಸೇರಿಸಿ ರೋಟರಿ ಹ್ಯಾಮರ್ರನ್ನೇ ತಗೊಳ್ಳಿ, ಇಲ್ಲವೇ ಒಂದು ದಿನಕ್ಕೆ ಬಾಡಿಗೆಗೆ ತನ್ನಿ.

ನನ್ನ ತಂಗಿಯದು ಸರ್ಜಾಪುರ ರಸ್ತೆಯಲ್ಲಿ ಅಂಥದೇ ಫ್ಲ್ಯಾಟು. ಬರುವ ಭಾನುವಾರ ಅವಳ ಮನೆಗೆ ರಾಡ್ ಹಾಕಲು ಹೋಗಬೇಕು, ಬಾಡಿಗೆ ಅಂಗಡಿಗೆ ಹೇಳಿಟ್ಟಿದ್ದೇನೆ. ಇದನ್ನು ಮನೆಯಲ್ಲೇ ಬಿಟ್ಟು ಹೋಗೋಣ ಅಂತಿದ್ದೆ. ನಿನ್ನೆ ಸಂಜೆ ನೋಡಿದರೆ ಅಮ್ಮ ಅದನ್ನು ಒರೆಸಿ ಬ್ಯಾಗಿಗೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದಾರೆ. "ಅವಳ ವಾರ್ಡ್‌ರೋಬ್ ಬಾಗಿಲು ಜೋತುಬಿದ್ದಿದೆಯಂತೆ, ಮರಕ್ಕೆ ಇದೇ ಸರಿ. ಕವರ್ ಕೂಡ ನಾಲ್ಕು ಇಟ್ಟಿದೀನಿ" ಅಂದರು.