ಶಿಕ್ಷಕರು ತಂತ್ರಾಂಶವನ್ನು ಒಪ್ಪಿದ್ದಾರೆಯೇ? ಅಳೆದು ನೋಡಿದ ಮೂರು ಬಗೆ

ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಹಾಜರಿ, ಅಂಕ, ಶುಲ್ಕ, ವರ್ಗಾವಣೆ ಪತ್ರ ಎಲ್ಲಕ್ಕೂ ಒಂದೇ ತಂತ್ರಾಂಶ ಬಂದ ಮೇಲೆ ಆಡಳಿತ ಮಂಡಳಿಯವರು ಕೇಳಿದ್ದು ಇಷ್ಟೇ: ಶಿಕ್ಷಕರು ಇದನ್ನು ಒಪ್ಪಿಕೊಂಡಿದ್ದಾರೆಯೇ? ಅದನ್ನು ತಿಳಿದು ಹೇಳುವ ಹೊಣೆ ಕಂಪ್ಯೂಟರ್ ಶಿಕ್ಷಕನಾದ ನನ್ನ ಪಾಲಿಗೆ ಬಂತು. ಮೂರು ವಿಧಾನಗಳನ್ನು ಪ್ರಯೋಗಿಸಿದೆ. ಮೂರೂ ಒಂದೇ ಉತ್ತರ ಕೊಡಲಿಲ್ಲ.

ಮೊದಲನೆಯದು, ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿಯ ಪ್ರಶ್ನಾವಳಿ. ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ, ಬಳಸಲು ಸಲೀಸೇ ಎಂಬ ಎರಡು ಅನಿಸಿಕೆಗಳನ್ನು ಅದು ಅಳೆಯುತ್ತದೆ. ಒಂದೊಂದಕ್ಕೂ ಆರು ಹೇಳಿಕೆಗಳು. ಬಳಕೆಯ ಜೊತೆ ಹೆಚ್ಚು ಗಟ್ಟಿಯಾದ ನಂಟಿರುವುದು ಉಪಯೋಗಕ್ಕೆ, ಸಲೀಸುತನಕ್ಕಲ್ಲ ಎಂಬುದು ಡೇವಿಸ್ ಕಂಡುಕೊಂಡ ಸಂಗತಿ. ನಮ್ಮಲ್ಲೂ ಇದು ನಿಜವಾಯಿತು, ಆದರೆ ಪ್ರಶ್ನೆ ಕೇಳುವ ರೀತಿಯನ್ನು ಬದಲಿಸಿದ ಮೇಲೆ. ಇಡೀ ತಂತ್ರಾಂಶದ ಬಗ್ಗೆ ಒಟ್ಟಾಗಿ ಕೇಳಿದಾಗ ಬಹುತೇಕ ಎಲ್ಲರೂ ಒಳ್ಳೆಯದನ್ನೇ ಬರೆದರು. ಹಾಜರಿ ಬೇರೆ, ಅಂಕ ಬೇರೆ ಎಂದು ಬಿಡಿಸಿ ಕೇಳಿದಾಗ ಅಂಕದ ಭಾಗ ಮೇಲೇರಿತು, ಹಾಜರಿಯ ಭಾಗ ಕುಸಿಯಿತು. ಈ ಮಾದರಿಯಲ್ಲಿ ನನಗೆ ಕಾಣುವ ಕೊರತೆ ಬೇರೆಯೇ ಇದೆ. ಬಳಸುವುದೂ ಬಿಡುವುದೂ ವ್ಯಕ್ತಿಯ ಇಷ್ಟಕ್ಕೆ ಬಿಟ್ಟಿದ್ದು ಎಂದೇ ಅದು ಹೆಚ್ಚಾಗಿ ನಂಬುತ್ತದೆ. ಶಾಲೆಯಲ್ಲಿ ಹಾಗಿಲ್ಲ; ಮುಖ್ಯ ಶಿಕ್ಷಕರು ಹೇಳಿದರೆ ಬಳಸಲೇಬೇಕು. 2003ರಲ್ಲಿ ವೆಂಕಟೇಶ್ ಮತ್ತು ಸಂಗಡಿಗರು ಇಂಥ ಹಲವು ಮಾದರಿಗಳನ್ನು ಒಂದುಗೂಡಿಸಿ ರೂಪಿಸಿದ ಏಕೀಕೃತ ಮಾದರಿ ಈ ಸ್ವಇಚ್ಛೆಯ ಪ್ರಶ್ನೆಯನ್ನೂ, ಸುತ್ತಲಿನವರ ಒತ್ತಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಶಾಲೆಗಳಿಗೆ ಅದೇ ಹೆಚ್ಚು ಹೊಂದುತ್ತದೆ.

ಎರಡನೆಯದು ಜಾನ್ ಬ್ರೂಕ್ ರೂಪಿಸಿದ ಬಳಕೆ ಸುಲಭತೆಯ ಮಾಪಕ. ಹತ್ತೇ ಹೇಳಿಕೆಗಳು, ಐದು ಹಂತದ ಉತ್ತರ, ಕೊನೆಗೆ 0ಯಿಂದ 100ರೊಳಗೆ ಒಂದು ಅಂಕ. 68 ಸರಾಸರಿ ಎಂದು ವಾಡಿಕೆಯಲ್ಲಿದೆ. ವಿರಾಮದ ಅವಧಿಯಲ್ಲಿ ಚಹಾ ಕುಡಿಯುತ್ತಲೇ ತುಂಬಿ ಕೊಡಬಹುದು. ಬೆಸ ಸಂಖ್ಯೆಯ ಹೇಳಿಕೆಗಳು ಹೊಗಳಿಕೆ, ಸಮ ಸಂಖ್ಯೆಯವು ದೂರು. ಅವಸರದಲ್ಲಿ ಎಲ್ಲದಕ್ಕೂ ಒಂದೇ ಅಂಕಿಗೆ ಗುರುತು ಹಾಕಿದವರ ಮೊತ್ತ, ಆ ಅಂಕಿ ಯಾವುದೇ ಇರಲಿ, ಸರಿಯಾಗಿ 50 ಆಗುತ್ತದೆ. ಆದ್ದರಿಂದ 50 ಬಂದ ಹಾಳೆಗಳನ್ನು ಮೊದಲು ಪಕ್ಕಕ್ಕಿಟ್ಟು ನೋಡಬೇಕು. ತಂತ್ರಾಂಶದ ಎರಡು ಆವೃತ್ತಿಗಳನ್ನು ಹೋಲಿಸಲು ಇದಕ್ಕಿಂತ ಅಗ್ಗದ, ಚುರುಕಾದ ಸಾಧನ ನನಗೆ ಕಾಣಲಿಲ್ಲ. ಆದರೆ ಯಾವ ಪರದೆ ತೊಡಕು, ಏಕೆ ತೊಡಕು ಎಂಬುದನ್ನು ಅದು ಹೇಳುವುದಿಲ್ಲ.

ಮೂರನೆಯದಕ್ಕೆ ದೊಡ್ಡ ಹೆಸರಿಲ್ಲ. ಶಿಕ್ಷಕರ ಪಕ್ಕದಲ್ಲಿ ಕುಳಿತು ನೋಡುವುದು, ದಾಖಲೆ ಯಾವ ಹೊತ್ತಿಗೆ ಸೇರಿದೆ ಎಂದು ಪರಿಶೀಲಿಸುವುದು, ಹಳೆಯ ಪುಸ್ತಕಗಳು ಇನ್ನೂ ನಡೆಯುತ್ತಿವೆಯೇ ಎಂದು ಬೀರು ತೆರೆದು ನೋಡುವುದು. ಹಾಜರಿಯ ಬಹುಪಾಲು ಸಂಜೆ ನಾಲ್ಕರ ನಂತರ ಒಟ್ಟೊಟ್ಟಿಗೆ ಸೇರುತ್ತಿತ್ತು. ಕಾರಣ ಹುಡುಕಿದರೆ ಅದು ಶಿಕ್ಷಕರ ಸೋಮಾರಿತನವಲ್ಲ. ಬಿಸಿಯೂಟಕ್ಕೆ ಎಷ್ಟು ಮಕ್ಕಳು ಎಂಬ ಲೆಕ್ಕ ಮೊದಲ ಅವಧಿಯಲ್ಲೇ ಅಡುಗೆ ಮನೆಗೆ ತಲುಪಬೇಕು. ಪರದೆ ತೆರೆದುಕೊಳ್ಳುವವರೆಗೆ ಕಾಯಲಾಗದು. ಹಾಗಾಗಿ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಬರೆದು, ಚೀಟಿಯಲ್ಲಿ ಸಂಖ್ಯೆ ಕಳಿಸಿ, ಸಂಜೆ ಅದನ್ನೇ ಮತ್ತೆ ಕಂಪ್ಯೂಟರಿಗೆ ತುಂಬುತ್ತಿದ್ದರು. ಅವರಿಗೆ ತಂತ್ರಾಂಶದಿಂದ ಬಂದದ್ದು ಎರಡನೆಯ ಸಲದ ಕೆಲಸ ಮಾತ್ರ. ಅಂಕದ ವಿಷಯದಲ್ಲಿ ಎಲ್ಲವೂ ತಿರುಗುಮುರುಗು. ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಮೌಲ್ಯಮಾಪನಗಳ ಅಂಕಗಳನ್ನು ಕೂಡಿಸಿ ಶ್ರೇಣಿ ಬರೆಯುವ ಹೊರೆ ಇಳಿದದ್ದರಿಂದ ಯಾರೂ ಹೇಳದಿದ್ದರೂ ಎಲ್ಲರೂ ಅಲ್ಲೇ ತುಂಬುತ್ತಿದ್ದರು, ಖಾಸಗಿ ಅಂಕಪಟ್ಟಿಯ ನೋಟುಪುಸ್ತಕಗಳು ತಾವಾಗಿಯೇ ನಿಂತುಹೋಗಿದ್ದವು. ಕಚೇರಿಯ ದ್ವಿತೀಯ ದರ್ಜೆ ಸಹಾಯಕರಂತೂ ವರ್ಗಾವಣೆ ಪತ್ರದ ಭಾಗವನ್ನು ಯಾರಿಗೂ ಬಿಟ್ಟುಕೊಡಲು ಒಪ್ಪಲಿಲ್ಲ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಒಂದೇ ವಿಧಾನಕ್ಕೆ ಸಮಯವಿದ್ದರೆ ಮೂರನೆಯದನ್ನೇ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕಡ್ಡಾಯವಾದ ಕಡೆ ಬಳಕೆಯ ಎಣಿಕೆಯಿಂದ ಒಪ್ಪಿಗೆ ಗೊತ್ತಾಗುವುದಿಲ್ಲ. ಕಾಗದದ ಪುಸ್ತಕ ನಿಂತಿತೇ ಇಲ್ಲವೇ ಎಂಬುದರಿಂದ ಗೊತ್ತಾಗುತ್ತದೆ. ನಿಯಮದ ಪ್ರಕಾರ ಇಡಲೇಬೇಕಾದ ದಾಖಲಾತಿ ವಹಿಯಂಥವನ್ನು ಮಾತ್ರ ಈ ಲೆಕ್ಕದಿಂದ ಬಿಡಬೇಕು. ಹೊಸ ತಂತ್ರಾಂಶ ಕೊಳ್ಳುವ ಮೊದಲಾದರೆ ಡೇವಿಸ್ ಪ್ರಶ್ನಾವಳಿಯ ಉಪಯೋಗದ ಭಾಗವನ್ನು ಕೆಲಸವಾರು ಬಿಡಿಸಿ ಕೇಳಿ, ಹೆಸರು ಬರೆಸಿಕೊಳ್ಳಬೇಡಿ.

ಮೂರನೆಯ ವಿಧಾನಕ್ಕೆ ಒಂದು ಷರತ್ತಿದೆ. ದಾಖಲೆಯ ಸಮಯದ ಪಟ್ಟಿ ಶಿಕ್ಷಕರ ಹೆಸರಿನೊಂದಿಗೆ ಮೇಲಿನವರ ಕೈಗೆ ಹೋದರೆ ಮರುದಿನದಿಂದಲೇ ಬೆಳಗ್ಗೆ ಹತ್ತಕ್ಕೆ ಸುಳ್ಳು ಹಾಜರಿ ಬೀಳತೊಡಗುತ್ತದೆ. ತರಗತಿವಾರು ಕೊಟ್ಟರೂ ತರಗತಿ ಶಿಕ್ಷಕರು ಯಾರೆಂದು ತಿಳಿಯುತ್ತದೆ. ಆದ್ದರಿಂದ ಆಡಳಿತ ಮಂಡಳಿಗೆ ಇಡೀ ಶಾಲೆಯ ಒಟ್ಟು ಲೆಕ್ಕವನ್ನು ಮಾತ್ರ ಕೊಟ್ಟು, ಜೊತೆಗೆ ಬಿಸಿಯೂಟದ ಸಂಖ್ಯೆಯನ್ನು ಮೊಬೈಲಿನಲ್ಲೇ ಒಂದು ಸಾಲಿನಲ್ಲಿ ತುಂಬುವ ಸೌಲಭ್ಯ ಬೇಕೆಂದು ಬರೆದುಕೊಟ್ಟೆ.