ಸಾಸ್ ಲೂಪ್‌ಗಳು: 8 ವರ್ಷ ಬಳಸಿದ ಮೇಲೆ

ಸಾಸ್ ಅಂದರೆ ವೆಬ್ ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಆಗಿ ಕಂಪೈಲ್ ಆಗುವ ಭಾಷೆ; ಒಂದೇ ಥರದ ಸಾಲುಗಳನ್ನು ಮತ್ತೆ ಮತ್ತೆ ಬರೆಯುವ ಬದಲು ಅದರಲ್ಲಿ ಲೂಪ್ ಹಾಕಬಹುದು. ಸಾಸ್‌ನಲ್ಲಿ ನಾನು ಬರೆದ ಮೊದಲ ಲೂಪ್ 12 ಕಾಲಮ್‌ಗಳ ಗ್ರಿಡ್‌ಗೆ. ಕಂಪೈಲ್ ಆಯಿತು, ಎರರ್ ಏನೂ ಇಲ್ಲ. ಆದರೆ ಪೂರ್ತಿ ಅಗಲ ಇರಬೇಕಾದ ಬಾಕ್ಸ್ ಮಾತ್ರ ಕುಗ್ಗಿ ಕೂತಿತ್ತು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ಸಂಖ್ಯೆ ಎಣಿಸುತ್ತಾ ಸುತ್ತುವ ಫಾರ್ ಲೂಪ್‌ನಲ್ಲಿ ‘ಥ್ರೂ’ ಹಾಕುವ ಕಡೆ ‘ಟು’ ಹಾಕಿದ್ದೆ. ‘ಟು’ ಅಂದರೆ ಕೊನೆಯ ಸಂಖ್ಯೆ ಸೇರುವುದಿಲ್ಲ, 11ಕ್ಕೇ ನಿಲ್ಲುತ್ತದೆ. ಇವತ್ತಿಗೂ ಫಾರ್ ಲೂಪ್ ಬರೆದ ತಕ್ಷಣ ಔಟ್‌ಪುಟ್ ತೆಗೆದು ಕೊನೆಯ ಕ್ಲಾಸ್ (ಎಲಿಮೆಂಟ್‌ಗೆ ಹಚ್ಚುವ ಸ್ಟೈಲ್‌ನ ಹೆಸರು) ಇದೆಯಾ ಅಂತ ನೋಡುತ್ತೇನೆ.

ಆದರೂ ಲೂಪ್ ಬಿಟ್ಟು ಕೆಲಸ ಮಾಡುವುದು ನನಗಿನ್ನು ಕಷ್ಟ. ಮಾರ್ಜಿನ್ (ಹೊರಗಿನ ಅಂತರ), ಪ್ಯಾಡಿಂಗ್ (ಒಳಗಿನ ಅಂತರ) ಎರಡು, ಬದಿ ನಾಲ್ಕು, ಅಳತೆ ಒಂಬತ್ತು ಅಂದರೆ 72 ಕ್ಲಾಸ್. ಮೊದಲು ಇದನ್ನೆಲ್ಲ ಕಾಪಿ ಪೇಸ್ಟ್ ಮಾಡುತ್ತಿದ್ದೆ, ‘ಲೆಫ್ಟ್’ ಬರಬೇಕಾದ ಕಡೆ ‘ರೈಟ್’ ಉಳಿದುಬಿಡುತ್ತಿತ್ತು. ಈಗ ಒಂದರೊಳಗೊಂದು ಮೂರು ಈಚ್ ಲೂಪ್ (ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ತೆಗೆದುಕೊಳ್ಳುವ ಲೂಪ್), ಹತ್ತೋ ಹನ್ನೆರಡೋ ಸಾಲು. 20 ಪಿಕ್ಸೆಲ್ ಬೇಡ, 24 ಬೇಕು ಅಂದರೆ ಒಂದೇ ಒಂದು ಕಡೆ ತಿದ್ದಿದರೆ ಸಾಕು.

ಬರಬರುತ್ತಾ ಫಾರ್ ಕಡಿಮೆಯಾಗಿ ಈಚ್ ಜಾಸ್ತಿಯಾಯಿತು. ಈಚ್ ಓದುವ ಮ್ಯಾಪ್‌ನಲ್ಲಿ (ಜೋಡಿಗಳ ಪಟ್ಟಿ) ಹೆಸರು, ಮೌಲ್ಯ ಎರಡೂ ಕಣ್ಣೆದುರೇ ಇರುತ್ತವೆ, ಲೆಕ್ಕ ಹಾಕಿಕೊಂಡು ಓದಬೇಕಿಲ್ಲ. ಮ್ಯಾಪ್‌ನ ಕೀ, ಅಂದರೆ ಆ ಹೆಸರು, ‘ರೆಡ್’ ಥರದ ಬಣ್ಣದ ಹೆಸರಾಗಿದ್ದರೆ ಮಾತ್ರ ಕೋಟ್ಸ್ ಹಾಕಿ. ಇಲ್ಲದಿದ್ದರೆ ಸಾಸ್ ಅದನ್ನು ಹೆಸರು ಅಂದುಕೊಳ್ಳದೆ ಬಣ್ಣ ಅಂದುಕೊಳ್ಳುತ್ತದೆ, ಕ್ಲಾಸ್ ಹೆಸರಿಗೆ ಸೇರಿಸಿದಾಗ ವಾರ್ನಿಂಗ್ ಕೊಡುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಲೂಪ್‌ಗಳ ಕ್ರಮ. ನಾಲ್ಕು ಸ್ಕ್ರೀನ್ ಅಳತೆಗೂ ಆ 72 ಕ್ಲಾಸ್ ಬೇಕಾದಾಗ ಮೀಡಿಯಾ ಕ್ವೆರಿಯನ್ನು (ಸ್ಕ್ರೀನ್ ಅಗಲ ನೋಡಿ ಸ್ಟೈಲ್ ಹಾಕುವ ಷರತ್ತು) ಎಲ್ಲಕ್ಕಿಂತ ಒಳಗಿನ ಲೂಪ್‌ಗೆ ಹಾಕಿದ್ದೆ. ಒಂದೇ ಎಲಿಮೆಂಟ್‌ಗೆ ಮಾಮೂಲಿಗೆ 4ನೇ ಅಳತೆ, ಅಗಲ ಸ್ಕ್ರೀನ್‌ಗೆ 2ನೇ ಅಳತೆ ಕೊಟ್ಟರೆ ಅಗಲ ಸ್ಕ್ರೀನ್‌ನಲ್ಲೂ 4ನೆಯದೇ ಬರುತ್ತಿತ್ತು. ಯಾಕೆಂದರೆ ಔಟ್‌ಪುಟ್‌ನಲ್ಲಿ 2ನೇ ಅಳತೆಯ ಮೀಡಿಯಾ ಬ್ಲಾಕ್ ಆದ ಮೇಲೆ 4ನೇ ಅಳತೆಯ ಮಾಮೂಲಿ ಕ್ಲಾಸ್ ಬರುತ್ತದೆ. ಎರಡರ ತೂಕವೂ ಒಂದೇ, ಹಾಗಾಗಿ ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಮೀಡಿಯಾ ಲೂಪನ್ನು ಹೊರಗೆ ತಂದೆ, ಸರಿಹೋಯಿತು. 288 ಮೀಡಿಯಾ ಬ್ಲಾಕ್ ಇದ್ದದ್ದು 4ಕ್ಕೆ ಇಳಿಯಿತು. ಸಾಸ್ ತಾನಾಗಿ ಅವನ್ನು ಒಟ್ಟು ಸೇರಿಸುವುದಿಲ್ಲ, ನೆನಪಿರಲಿ.

ಆಗಲೂ ಒಟ್ಟು 360 ಕ್ಲಾಸ್ (ಮಾಮೂಲಿ 72, ಮೀಡಿಯಾದವು 288) ಉಳಿಯಿತು, ಅದರಲ್ಲಿ ಎಷ್ಟೋ ಎಲ್ಲೂ ಬಳಕೆಯಾಗಿರಲಿಲ್ಲ. ಹತ್ತು ಸಾಲು ಬರೆದಾಗ ಇಷ್ಟು ಭಾರ ಹೊರಬರುತ್ತದೆ ಅಂತ ಅನ್ನಿಸುವುದೇ ಇಲ್ಲ, ಅಲ್ವಾ? ಮೂರು ಅಳತೆ ತೆಗೆದುಹಾಕಿದೆ, ಯಾರೂ ಕೇಳಲಿಲ್ಲ.

2006ರಲ್ಲಿ ಶುರುವಾದ ಸಾಸ್ ಆಮೇಲೆ ತುಂಬಾ ಬದಲಾಗಿದೆ. ರೂಬಿ ಭಾಷೆಯಲ್ಲಿ ಬರೆದ ಆವೃತ್ತಿ 2019ರಲ್ಲಿ ನಿಂತಿತು, ಈಗ ಡಾರ್ಟ್ ಭಾಷೆಯಲ್ಲಿ ಬರೆದ ಡಾರ್ಟ್ ಸಾಸ್. ಭಾಗಾಕಾರಕ್ಕೆ ಸ್ಲ್ಯಾಶ್ ಬಿಟ್ಟು ‘ಮ್ಯಾಥ್ ಡಾಟ್ ಡಿವ್’ ಬಳಸಬೇಕಾಗಿ ಬಂದಾಗ ನನ್ನ ಗ್ರಿಡ್ ಲೂಪ್‌ಗಳೆಲ್ಲ ವಾರ್ನಿಂಗ್ ಕೊಡತೊಡಗಿದವು. ಸಾಸ್‌ನವರದೇ ಮೈಗ್ರೇಟರ್ (ಹಳೆ ಕೋಡನ್ನು ಹೊಸ ರೀತಿಗೆ ಬದಲಿಸುವ ಟೂಲ್) ಅದನ್ನು ತಿದ್ದಿಕೊಟ್ಟಿತು. ಲೂಪ್ ಬರೆಯುವ ರೀತಿ ಮಾತ್ರ ಹಾಗೇ ಇದೆ.

ಲೂಪ್ ಕೆಲಸ ಕಂಪೈಲ್ ಆಗುವಾಗಲೇ ಮುಗಿದುಹೋಗುತ್ತದೆ, ಬ್ರೌಸರ್‌ಗೆ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ಪುಟ ತೆರೆದಿರುವಾಗಲೇ ಥೀಮ್ ಬದಲಾಗಬೇಕಾದರೆ ಸಿಎಸ್‌ಎಸ್ ವೇರಿಯಬಲ್ ಬೇಕೇ ಬೇಕು.

ಇನ್ನೂ ಒಂದು ತೊಂದರೆ ಪೂರ್ತಿ ಹೋಗಿಲ್ಲ. ಕ್ಲಾಸ್ ಹೆಸರು ತುಂಡು ತುಂಡಾಗಿ ಸೇರಿ ಆಗುವುದರಿಂದ ಎಡಿಟರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಟೀಮ್‌ಗೆ ಹೊಸದಾಗಿ ಬಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಔಟ್‌ಪುಟ್ ಮೂಲ ಕೋಡಿನ ಎಲ್ಲಿಂದ ಬಂತು ಅಂತ ಹೇಳುವ ಸೋರ್ಸ್ ಮ್ಯಾಪ್ ಲೂಪ್ ಇರುವ ಸಾಲು ತೋರಿಸುತ್ತದೆ, ಅದು ಎಷ್ಟನೇ ಸುತ್ತು ಅಂತ ಹೇಳುವುದಿಲ್ಲ. ಅದಕ್ಕೇ ಪ್ರತಿ ಲೂಪ್ ಮೇಲೂ ಹುಟ್ಟುವ ಕ್ಲಾಸ್ ಹೆಸರುಗಳನ್ನು ಎರಡು ಸ್ಲ್ಯಾಶ್‌ನ ಕಾಮೆಂಟ್‌ನಲ್ಲಿ ಬರೆದಿಡುತ್ತೇನೆ. ಆ ಕಾಮೆಂಟ್ ಔಟ್‌ಪುಟ್‌ಗೆ ಹೋಗುವುದಿಲ್ಲ, ಹುಡುಕಿದವರಿಗೆ ಮಾತ್ರ ಸಿಗುತ್ತದೆ.